ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಹಸಿದವರ ಊಟ, ಸೂರಿಲ್ಲದವರ ರಾತ್ರಿ, ಬಡ ಮಕ್ಕಳ ಓದು

ಹುಬ್ಬಳ್ಳಿ-ಧಾರವಾಡದಲ್ಲಿ ಬೀದಿಯಲ್ಲಿ ರಾತ್ರಿ ಕಳೆಯುವವರ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ, ‘ನಾವೇನು ಮಾಡಬಹುದು’ ಎಂದು ಕೇಳಿ ಹಲವರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನಮ್ಮ ಓಣಿಯ ಕೆಲವು ಮನೆಯವರು ಸೇರಿ ಪ್ರತಿ ರವಿವಾರ ಸಂಜೆ ಪಲಾವ್ ಅಥವಾ ಚಿತ್ರಾನ್ನದ ಪೊಟ್ಟಣಗಳನ್ನು ರೈಲು ನಿಲ್ದಾಣ ಮತ್ತು ಹಳೇ ಬಸ್ ನಿಲ್ದಾಣದ ಸುತ್ತ ಹಂಚುತ್ತೇವೆ. ಇತ್ತೀಚೆಗೆ ಅದೇ ಹೊತ್ತಿಗೆ ಬೇರೆ ತಂಡಗಳೂ ಬರುವುದರಿಂದ ಒಬ್ಬೊಬ್ಬರ ಕೈಗೆ ಮೂರು ಪೊಟ್ಟಣ ಸಿಕ್ಕು, ಮರುದಿನ ಬೆಳಿಗ್ಗೆ ಅನ್ನ ಗಟಾರದ ಪಾಲಾಗಿರುತ್ತದೆ. ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯದಾಗಿದೆ. — ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಲ್ಲಿಸಬೇಡಿ, ಆದರೆ ರವಿವಾರವನ್ನು ಬಿಟ್ಟುಕೊಡಿ. ರವಿವಾರ, ಅಮಾವಾಸ್ಯೆ, ಶ್ರಾವಣ ಸೋಮವಾರ, ಮನೆಯ ಹಿರಿಯರ ಪುಣ್ಯತಿಥಿ, ಮುಖಂಡರ ಹುಟ್ಟುಹಬ್ಬ ಇವೆಲ್ಲ ನಮ್ಮ ಊರಿನಲ್ಲಿ ಅನ್ನ ಹಂಚುವ ದಿನಗಳಾಗಿರುವುದರಿಂದ ಆ ದಿನಗಳಲ್ಲಿ ಕೊಡುವವರಿಗೆ ಬರವಿಲ್ಲ. ಮಂಗಳವಾರದ ರಾತ್ರಿ, ಮಳೆ ಹಿಡಿದ ಜುಲೈ ತಿಂಗಳ ಬುಧವಾರದ ರಾತ್ರಿ ಯಾರೂ ಬರುವುದಿಲ್ಲ. ನಿಲ್ದಾಣದ ಹೊರಗಿನ ಕಟ್ಟೆಯ ಮೇಲೆ ಮಲಗುವ ಒಬ್ಬ ಅಜ್ಜ, ಸಿಕ್ಕ ಮೂರು ಪೊಟ್ಟಣಗಳಲ್ಲಿ ಒಂದನ್ನು ಉಂಡು ಎರಡನ್ನು ಟವೆಲಿನಲ್ಲಿ ಗಂಟು ಕಟ್ಟಿ ತಲೆದೆಸೆಗೆ ಇಟ್ಟುಕೊಂಡಿದ್ದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಗಂಟು ಬಿಚ್ಚಿದಾಗ ಅನ್ನ ಹಳಸಿದ ವಾಸನೆ ಬಂದರೂ ಅವರು ಅದನ್ನು ಚೆಲ್ಲಲಿಲ್ಲ. ಮೇಲಿನದನ್ನು ಬೆರಳಿನಿಂದ ಸರಿಸಿ, ಒಳಗಿನದನ್ನು ಮೂಸಿ ನೋಡಿ ತಿಂದರು. ನಾಳೆ ಊಟ ಸಿಗುತ್ತದೆ ಎಂಬ ಭರವಸೆ ಇದ್ದವರು ಹಾಗೆ ಮಾಡುವುದಿಲ್ಲ. ಹಂಚುವ ತಂಡಗಳು ಮೊದಲು ಆ ಭರವಸೆಯನ್ನು ಹುಟ್ಟಿಸಬೇಕು, ಅದಕ್ಕೆ ದಿನಗಳನ್ನು ಹಂಚಿಕೊಳ್ಳುವುದೇ ದಾರಿ.

ನೀವು ಕಂಡ ಬೇರೆ ತಂಡಗಳವರನ್ನು ಒಂದು ಸಂಜೆ ಒಟ್ಟಿಗೆ ಕೂಡಿಸಿ, ವಾರದ ಏಳು ರಾತ್ರಿಗಳಿಗೆ ಏಳು ಹೊಣೆಗಾರರನ್ನು ಗೊತ್ತುಮಾಡಿ. ಬರಲಾಗದ ದಿನ ಯಾರಿಗೆ ತಿಳಿಸಬೇಕು ಎಂಬುದಕ್ಕೆ ಒಂದೇ ಮೊಬೈಲ್ ಸಂಖ್ಯೆ ಇರಲಿ. ನಡೆಯಬಲ್ಲವರಿಗೆ ಅಡುಗೆ ಮಾಡಿ ಒಯ್ಯುವ ಅಗತ್ಯವೂ ಎಲ್ಲ ಕಡೆ ಇಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್ ನಮ್ಮ ಅವಳಿ ನಗರಕ್ಕೂ ಬಂದಿದ್ದು, ಐದು ರೂಪಾಯಿಗೆ ಉಪಾಹಾರ, ಹತ್ತು ರೂಪಾಯಿಗೆ ಊಟ ಕೊಡುತ್ತದೆ. ಕೂತು ತಟ್ಟೆಯಲ್ಲಿ ಉಣ್ಣುವುದಕ್ಕೂ ಬೀದಿಯಲ್ಲಿ ಪೊಟ್ಟಣಕ್ಕೆ ಕೈಯೊಡ್ಡುವುದಕ್ಕೂ ಇರುವ ಅಂತರವನ್ನು ನಿಮಗೆ ವಿವರಿಸಬೇಕಾಗಿಲ್ಲ. ಕ್ಯಾಂಟೀನಿನವರೊಂದಿಗೆ ಮಾತಾಡಿ, ಮುಂಗಡ ಹಣ ಕಟ್ಟಿ ಚೀಟಿ ಕೊಡುವ ವ್ಯವಸ್ಥೆ ಸಾಧ್ಯವೇ ಎಂದು ಕೇಳಿ ನೋಡಿ. ಆಗ ನಿಮ್ಮ ಅಡುಗೆ ಕ್ಯಾಂಟೀನಿನವರೆಗೆ ನಡೆಯಲಾರದ ವೃದ್ಧರಿಗೆ, ರೋಗಿಗಳಿಗೆ ಮೀಸಲಾಗುತ್ತದೆ.

ಅಡುಗೆಯ ಬಗ್ಗೆಯೂ ಒಂದು ಮಾತು. ಬೇಯಿಸಿದ ಅನ್ನವನ್ನು ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗಂಟೆಗಟ್ಟಲೆ ಇಟ್ಟರೆ ಅದರಲ್ಲಿ ಬೆಳೆಯುವ ಸೂಕ್ಷ್ಮಾಣುಗಳು ಉಂಟುಮಾಡುವ ವಿಷ, ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಊಟವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಮುಚ್ಚಿದ ಪಾತ್ರೆಯಲ್ಲಿ ಒಯ್ದು ಸ್ಥಳದಲ್ಲೇ ಬಡಿಸುವುದು ಒಳ್ಳೆಯದು. ಮದುವೆ ಮನೆ, ಹೋಟೆಲುಗಳಲ್ಲಿ ಉಳಿದ ಊಟ ತಂದು ಹಂಚುವುದಾದರೆ, ಉಳಿಕೆ ಆಹಾರದ ವಿತರಣೆಗಾಗಿಯೇ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಮಾಡಿರುವ ನಿಯಮಗಳನ್ನು ಓದಿಕೊಳ್ಳಿ. ಮರುದಿನಕ್ಕೂ ಇಟ್ಟುಕೊಳ್ಳಲಿ ಎಂಬ ಉದ್ದೇಶವಿದ್ದರೆ ನಮ್ಮ ಕಡೆಯ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಗೆ ಸಮನಾದದ್ದಿಲ್ಲ. ಹಲ್ಲಿಲ್ಲದ ಹಿರಿಯರಿಗೆ ಮಾತ್ರ ಮೆತ್ತನೆಯ ಚಪಾತಿಯನ್ನೇ ಕೊಡಬೇಕಾಗುತ್ತದೆ.

ಕೊನೆಯದಾಗಿ, ಊಟ ಕೊಡುವಾಗ ಮಾತಾಡಿಸಿ. ಯಾವ ಊರು, ಮನೆಯಲ್ಲಿ ಯಾರಿದ್ದಾರೆ, ಕಾಗದಪತ್ರ ಏನಿದೆ ಎಂದು ಕೇಳಿದರೆ ಅರವತ್ತೈದು ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ವೇತನ ಸಿಗಬಹುದಾದವರು ಅಲ್ಲಿಯೇ ಕಂಡುಬರುತ್ತಾರೆ. ಫೋಟೊ ತೆಗೆಯುವುದನ್ನು ಮಾತ್ರ ದಯವಿಟ್ಟು ಬಿಡಿ.

ಪ್ರಶ್ನೆ: ನಾನು ರೋಣ ತಾಲ್ಲೂಕಿನವಳು. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆಂದು ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡಿದ್ದೇನೆ. ಅಪ್ಪ ಕೂಲಿಗೆ ಹೋಗುತ್ತಾರೆ. ಕೋಣೆಯ ಬಾಡಿಗೆ, ಕೋಚಿಂಗ್ ಶುಲ್ಕ ಕಟ್ಟಿದ ಮೇಲೆ ಉಳಿಯುವುದರಲ್ಲಿ ಒಂದೇ ಹೊತ್ತಿನ ಮೆಸ್ ಹಚ್ಚಿಕೊಂಡಿದ್ದೇನೆ. ಮಧ್ಯಾಹ್ನ ಗ್ರಂಥಾಲಯದಲ್ಲಿ ತಲೆ ಸುತ್ತುತ್ತದೆ. ಇದನ್ನು ಯಾರ ಮುಂದೆಯೂ ಹೇಳಿಕೊಳ್ಳಲಾಗದು. ನನ್ನಂಥವರಿಗೆ ಯಾವ ನೆರವು ಇದೆ? — ಒಬ್ಬ ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಂಗಿ, ನೀವು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಸಪ್ತಾಪುರದಲ್ಲಿ ನಿಮ್ಮ ಪಕ್ಕದ ಕೋಣೆಯಲ್ಲಿರುವವರೂ ಇದನ್ನೇ ಮುಚ್ಚಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಶಾಲೆಯ ಮಗುವಿಗೆ ಬಿಸಿಯೂಟವಿದೆ, ಕಾಲೇಜಿನ ವಿದ್ಯಾರ್ಥಿಗೆ ಹಾಸ್ಟೆಲ್ ಇದೆ, ಕೆಲಸದಲ್ಲಿರುವವರಿಗೆ ಸಂಬಳವಿದೆ. ಪದವಿ ಮುಗಿದು ಕೆಲಸ ಸಿಗುವವರೆಗಿನ ಎರಡು ಮೂರು ವರ್ಷಗಳಲ್ಲಿ ಮಾತ್ರ ಬಡವರ ಮಕ್ಕಳು ಯಾವ ಪಟ್ಟಿಗೂ ಸೇರುವುದಿಲ್ಲ.

ಇರುವ ನೆರವುಗಳನ್ನು ಮೊದಲು ಹೇಳುತ್ತೇನೆ. ನೀವು 2022-23 ಅಥವಾ ಆನಂತರದ ಸಾಲಿನಲ್ಲಿ ಪದವಿ ಪಡೆದು, ಆರು ತಿಂಗಳಾದರೂ ಕೆಲಸ ಸಿಗದೆ, ಉನ್ನತ ವ್ಯಾಸಂಗಕ್ಕೂ ಸೇರದೆ ಇದ್ದರೆ ಯುವನಿಧಿ ಯೋಜನೆಯಡಿ ತಿಂಗಳಿಗೆ 3,000 ರೂಪಾಯಿಯಂತೆ ಹೆಚ್ಚೆಂದರೆ ಎರಡು ವರ್ಷ ಭತ್ಯೆ ಪಡೆಯಲು ಅರ್ಹರು. ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆಯಾದವರಿಗೆ ಶಿಷ್ಯವೇತನ ಸಹಿತ ಉಚಿತ ತರಬೇತಿ ಕೊಡಿಸುತ್ತವೆ. ಅಧಿಸೂಚನೆ ಬಂದಾಗ ಅರ್ಜಿ ಹಾಕಿ, ಈಗ ಕಟ್ಟುತ್ತಿರುವ ಶುಲ್ಕವೇ ಉಳಿಯುತ್ತದೆ. ಮುಂದೆ ಸ್ನಾತಕೋತ್ತರ ಕೋರ್ಸಿಗೆ ಸೇರಿ ಹಾಸ್ಟೆಲ್ ಸಿಗದೆ ಹೋದರೆ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಊಟ-ವಸತಿ ಸಹಾಯ ದೊರೆಯುತ್ತದೆ. ಶಕ್ತಿ ಯೋಜನೆಯಿಂದ ನಿಮ್ಮ ಬಸ್ ಪ್ರಯಾಣ ಉಚಿತವಾಗಿರುವುದರಿಂದ ಊರಿಗೆ ಹೋಗಿಬಂದಾಗ ಎರಡು ವಾರಕ್ಕಾಗುವಷ್ಟು ರೊಟ್ಟಿ, ಶೇಂಗಾ, ಬೆಲ್ಲ, ಪುಟಾಣಿ ತಂದಿಟ್ಟುಕೊಳ್ಳಿ. ಮಧ್ಯಾಹ್ನ ಬರಿಹೊಟ್ಟೆಯಲ್ಲಿ ಓದಲು ಕೂರಬೇಡಿ. ಹಾಗೆ ಓದಿದ್ದು ತಲೆಗೆ ಹತ್ತುವುದೂ ಇಲ್ಲ.

ಈಗ ಊರಿನವರು ಮಾಡಬೇಕಾದ್ದು. ಧಾರವಾಡ ವಿದ್ಯಾಕಾಶಿ ಎನಿಸಿಕೊಳ್ಳಲು ಕಾಲೇಜುಗಳಷ್ಟೇ ಪ್ರಸಾದ ನಿಲಯಗಳೂ ಕಾರಣ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರು ಮುಂದೆ ಮೇಷ್ಟ್ರು, ವಕೀಲರು, ಅಧಿಕಾರಿಗಳಾದರು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಓದಿಗೆಂದು ಬಿಟ್ಟುಹೋದರು. ಅದಕ್ಕೂ ಹಿಂದಿನಿಂದ ವಾರಾನ್ನದ ಪದ್ಧತಿ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳು ಒಬ್ಬ ಹುಡುಗನ ಓದನ್ನು ದಡ ಮುಟ್ಟಿಸುತ್ತಿದ್ದವು. ವಾರಾನ್ನ ಬಹುಮಟ್ಟಿಗೆ ಜಾತಿಯ ಬೇಲಿಯೊಳಗೇ ನಡೆಯಿತು, ಹುಡುಗಿಯರಿಗಂತೂ ಅದರಲ್ಲಿ ಪಾಲಿರಲಿಲ್ಲ ಎಂಬುದನ್ನು ಮರೆಯದೆಯೇ ಅದರ ಒಂದು ಗುಣವನ್ನು ನಾವು ಮರಳಿ ತರಬಹುದು: ಯಾವ ಮನೆಯೂ ಪೂರ್ತಿ ಭಾರ ಹೊರಲಿಲ್ಲ, ಯಾವ ದಿನವೂ ತಪ್ಪಲಿಲ್ಲ.

ಇಂದಿನ ಸಪ್ತಾಪುರದಲ್ಲಿ ಇದನ್ನು ಖಾನಾವಳಿಗಳ ಮೂಲಕ ಮಾಡಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದೇ ಓಣಿಗಳಲ್ಲಿ ಓದಿ ಪಿಎಸ್ಐ, ಎಫ್‌ಡಿಎ, ಶಿಕ್ಷಕರಾಗಿ ಆಯ್ಕೆಯಾದವರು ಉತ್ತರ ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲಿದ್ದಾರೆ. ಅವರಲ್ಲಿ ಒಬ್ಬೊಬ್ಬರು ಒಬ್ಬ ವಿದ್ಯಾರ್ಥಿಯ ಒಂದು ಹೊತ್ತಿನ ಮೆಸ್ ಹಣವನ್ನು ನೇರವಾಗಿ ಖಾನಾವಳಿಯ ಖಾತೆಗೆ ಕಟ್ಟಿದರೆ, ಮೆಸ್ ಪುಸ್ತಕದಲ್ಲಿ ಎಲ್ಲರಂತೆ ಆ ವಿದ್ಯಾರ್ಥಿಯ ಹೆಸರಿನ ಮುಂದೆಯೂ ಗೆರೆ ಬೀಳುತ್ತದೆ, ಹಣ ಯಾರದೆಂದು ಪಕ್ಕದಲ್ಲಿ ಉಣ್ಣುವವರಿಗೆ ತಿಳಿಯುವುದಿಲ್ಲ. ಯಾರಿಗೆ ಅಗತ್ಯವಿದೆ ಎಂಬುದನ್ನು ಕೋಚಿಂಗ್ ಕೇಂದ್ರದ ಒಬ್ಬ ಶಿಕ್ಷಕಿ ಮತ್ತು ಒಬ್ಬ ನಿವೃತ್ತ ಪ್ರಾಧ್ಯಾಪಕರು ಗುಟ್ಟಾಗಿ ಗೊತ್ತುಮಾಡಲಿ. ಬಸ್ ನಿಲ್ದಾಣದಲ್ಲಿ ಮುಂಜಾನೆ ಹಳ್ಳಿಯ ಬಸ್ಸುಗಳಿಂದ ಇಳಿಯುವ ಬುತ್ತಿಗಳನ್ನು ನೋಡಿದವರಿಗೆ ಈ ಊರಿನ ಸ್ವಭಾವ ಗೊತ್ತಿದೆ. ಹಳೆಯ ಬಟ್ಟೆಯಲ್ಲಿ ಬಿಗಿದ ಡಬ್ಬಿ, ಅದರ ಮೇಲೆ ಮಗನ ಹೆಸರು ಮತ್ತು ಮೊಬೈಲ್ ಸಂಖ್ಯೆ ಬರೆದ ಚೀಟಿ, ಬಿಸಿ ಆರಿದ ರೊಟ್ಟಿಯ ನಡುವೆ ಬೆಂಡೆಕಾಯಿ ಪಲ್ಯ. ಕಂಡಕ್ಟರ್ ಅದನ್ನು ತನ್ನ ಸೀಟಿನ ಪಕ್ಕ ಜೋಪಾನವಾಗಿಟ್ಟು ತರುತ್ತಾನೆ. ಬುತ್ತಿ ಕಳಿಸಲು ಮನೆಯಲ್ಲಿ ಹಿಟ್ಟೇ ಇಲ್ಲದವರ ಮಕ್ಕಳ ಹೊಣೆಯನ್ನು ಧಾರವಾಡ ಹೊರಬೇಕು. ಈ ಅಂಕಣ ಓದುವ ಖಾನಾವಳಿ ಮಾಲೀಕರು, ಹಳೆಯ ವಿದ್ಯಾರ್ಥಿಗಳು ಪತ್ರಿಕೆಗೆ ಬರೆದರೆ ಒಬ್ಬರನ್ನೊಬ್ಬರು ಭೇಟಿ ಮಾಡಿಸುವ ಕೆಲಸ ನಮ್ಮದು.

ಪ್ರಶ್ನೆ: ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ತಂದೆಯವರ ಹೆಸರಿನಲ್ಲಿ ನಿರಾಶ್ರಿತರಿಗೆ ಒಂದು ಕಟ್ಟಡ ಕಟ್ಟಿಸಿ ಪಾಲಿಕೆಗೆ ಒಪ್ಪಿಸಬೇಕೆಂಬ ಆಸೆ. ಸಲಹೆ ಕೊಡಿ. — ಹುಬ್ಬಳ್ಳಿ

ಉತ್ತರ: ನಿಮ್ಮ ಆಸೆ ದೊಡ್ಡದು. ಆದರೂ ಕಟ್ಟಡಕ್ಕೆ ಮೊದಲು, ಅದನ್ನು ನಡೆಸುವವರ ಸಂಬಳಕ್ಕೆ ಹಣ ತೆಗೆದಿಡಿ ಎಂದು ಕೇಳಿಕೊಳ್ಳುತ್ತೇನೆ. ದಾನಿಯ ಹೆಸರಿನ ಕಲ್ಲು ಗಟ್ಟಿಯಾಗಿದ್ದು, ಬಾಗಿಲಿಗೆ ಮಾತ್ರ ಬೀಗ ಬಿದ್ದ ಕಟ್ಟಡಗಳು ನಮ್ಮಲ್ಲಿ ಸಾಕಷ್ಟಿವೆ.

ಲೆಕ್ಕ ಹೀಗಿದೆ. ಒಂದು ಲಕ್ಷ ನಗರವಾಸಿಗಳಿಗೆ ಕನಿಷ್ಠ ನೂರು ಜನರಿಗೆ ಜಾಗವಿರುವ, ವರ್ಷವಿಡೀ ಹಗಲು ರಾತ್ರಿ ತೆರೆದಿರುವ ಆಶ್ರಯತಾಣ ಇರಬೇಕೆಂದು ಸುಪ್ರೀಂ ಕೋರ್ಟಿನ ಆದೇಶಗಳನ್ನು ಅನುಸರಿಸಿ ಕೇಂದ್ರ ಸರ್ಕಾರದ 2013ರ ಮಾರ್ಗಸೂಚಿ ಹೇಳಿತು. 2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9,43,788. ಅಂದರೆ ಒಂಬತ್ತು ನೂರಕ್ಕೂ ಹೆಚ್ಚು ಜನರಿಗೆ ಹಾಸಿಗೆ ಬೇಕು. ಅದೇ ಮಾರ್ಗಸೂಚಿ ಒಬ್ಬೊಬ್ಬರಿಗೆ ಐದು ಚದರ ಮೀಟರ್ ಜಾಗ, ಐವತ್ತು ಜನರ ತಾಣಕ್ಕೆ ಒಬ್ಬ ವ್ಯವಸ್ಥಾಪಕ, ಪಾಳಿಯಲ್ಲಿ ಮೂವರು ನೋಡಿಕೊಳ್ಳುವವರು, ವರ್ಷಕ್ಕೆ ಆರು ಲಕ್ಷ ರೂಪಾಯಿ ನಿರ್ವಹಣಾ ವೆಚ್ಚ ಎಂದು ಗೊತ್ತುಪಡಿಸಿತ್ತು. ಇಂದಿನ ಬೆಲೆಯಲ್ಲಿ ಆ ಆರು ಲಕ್ಷ ಸಾಲುವುದಿಲ್ಲ. ಕೊರತೆ ಬೀಳುವುದು ಮೊದಲು ರಾತ್ರಿ ಪಾಳಿಯವರ ಸಂಬಳಕ್ಕೆ, ಆಮೇಲೆ ಶೌಚಾಲಯದ ನೀರಿಗೆ. ರಾತ್ರಿ ಬಾಗಿಲು ತೆಗೆಯುವವರಿಲ್ಲದಿದ್ದರೆ, ಶೌಚಾಲಯ ಕೊಳಕಾಗಿದ್ದರೆ ಜನ ಮರಳಿ ಬೀದಿಗೆ ಹೋಗುತ್ತಾರೆ. ಆಗ ‘ತಾಣ ಇದ್ದರೂ ಇವರು ಬರುವುದಿಲ್ಲ’ ಎಂದು ದೂರುವುದು ಎಲ್ಲರಿಗೂ ಸುಲಭ.

ಆದ್ದರಿಂದ ಪಾಲಿಕೆಯ ತಾಣವೊಂದನ್ನು ಐದು ವರ್ಷದ ಮಟ್ಟಿಗೆ ಪಾಲುದಾರರಾಗಿ ವಹಿಸಿಕೊಳ್ಳಿ. ಕಟ್ಟಡ, ನೀರು, ವಿದ್ಯುತ್ ಪಾಲಿಕೆಯದು; ನಡೆಸುವ ಕೆಲಸ ಅನುಭವವಿರುವ ಒಂದು ಸಂಸ್ಥೆಯದು; ರಾತ್ರಿ ಪಾಳಿಯ ಸಂಬಳ ಮತ್ತು ದುರಸ್ತಿಯ ಹಣ ನಿಮ್ಮದು. ಮೂವರ ನಡುವೆ ಬರವಣಿಗೆಯ ಒಪ್ಪಂದವಿರಲಿ, ತಿಂಗಳಿಗೊಮ್ಮೆ ದಾಖಲೆ ಪುಸ್ತಕ ನೋಡುವ ಹಕ್ಕು ನಿಮಗಿರಲಿ. ಆಧಾರ್ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬ ಮಾತನ್ನು ಒಪ್ಪಂದದಲ್ಲೇ ಬರೆಸಿ. ಹೆಂಗಸರಿಗೆ, ಮಕ್ಕಳಿರುವ ಕುಟುಂಬಗಳಿಗೆ ಪ್ರತ್ಯೇಕ ಜಾಗವಿಲ್ಲದ ತಾಣವಾದರೆ ನಿಮ್ಮ ಮೊದಲ ವರ್ಷದ ಹಣವನ್ನು ಅದಕ್ಕೇ ಹಾಕಿ.

2011ರ ಜನಗಣತಿಯಲ್ಲಿ ವಸತಿರಹಿತರ ಎಣಿಕೆ ಫೆಬ್ರುವರಿ 28ರ ಒಂದೇ ರಾತ್ರಿಯಲ್ಲಿ ನಡೆಯಿತು. ಕೆಲಸ ಹುಡುಕಿ ಬಂದು ಹೋಗುವವರು, ಪೊಲೀಸರಿಗೆ ಅಂಜಿ ಜಾಗ ಬದಲಿಸುವವರು ಅಂಥ ಎಣಿಕೆಯಲ್ಲಿ ತಪ್ಪಿಹೋಗುವುದು ಸಹಜ. ನಿಮ್ಮ ಸಂಸ್ಥೆ ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ವಿದ್ಯಾರ್ಥಿಗಳ ನೆರವಿನಿಂದ ಎಣಿಕೆ ಮಾಡಿಸಿದರೆ ತಾಣ ಎಲ್ಲಿ ಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯ ಗುಡಿಯ ಹತ್ತಿರ ಕೆಲವು ದಿನಗಳಿಂದ ಒಬ್ಬ ಅಮ್ಮ ಕೂತಿರುತ್ತಾರೆ. ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರೆ, ಹೆಸರು ಹೇಳುವುದಿಲ್ಲ. ಯಾರಿಗೆ ತಿಳಿಸಬೇಕು? — ಗದಗ-ಬೆಟಗೇರಿ

ಉತ್ತರ: ಮೊದಲು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಅಲ್ಲಿ ಕೆಲಸವಾಗದಿದ್ದರೆ ಹತ್ತಿರದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪ್ರಕಾರ ಮಾನಸಿಕ ಅಸ್ವಸ್ಥತೆಯಿಂದ ಅಲೆಯುತ್ತಿರುವವರನ್ನು, ತಮ್ಮನ್ನು ತಾವು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದರೆ, ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಇಪ್ಪತ್ತನಾಲ್ಕು ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಮನೆಮಠ ತಿಳಿಯದವರಾದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಕುಟುಂಬವನ್ನು ಹುಡುಕಬೇಕು, ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅಲ್ಲಿಯವರೆಗೆ ದಿನವೂ ಒಬ್ಬರೇ ಹೋಗಿ ಊಟ ಕೊಟ್ಟು ಮಾತಾಡಿಸಿದರೆ ಅವರಿಗೆ ನಿಮ್ಮ ಗುರುತು ಹತ್ತುತ್ತದೆ. ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಒಟ್ಟಿಗೆ ಕೊಟ್ಟ ವೀರೇಶ್ವರ ಪುಣ್ಯಾಶ್ರಮವಿರುವ ಊರು ನಿಮ್ಮದು. ಈ ಅಮ್ಮನನ್ನೂ ನಿಮ್ಮ ಬಡಾವಣೆ ಕೈಬಿಡುವುದಿಲ್ಲ ಎಂದು ನಂಬಿದ್ದೇನೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ತಾಂಡಾದ ಶಾಲೆಯಲ್ಲಿ ಶಿಕ್ಷಕಿ. ಸುಗ್ಗಿ ಮುಗಿದ ಮೇಲೆ ಪಾಲಕರು ಗೋವಾಕ್ಕೆ, ಕಬ್ಬಿನ ಸೀಮೆಗೆ ಗುಳೆ ಹೋಗುತ್ತಾರೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಯುಗಾದಿಯ ನಂತರ ಮರಳಿದಾಗ ಓದಿದ್ದೆಲ್ಲ ಮರೆತಿರುತ್ತಾರೆ, ಕೆಲವರು ಮರಳುವುದೇ ಇಲ್ಲ. ಶಾಲೆ ಒಂದೇ ಏನು ಮಾಡಬಲ್ಲದು?

ಉತ್ತರ: ಶಾಲೆ ಒಂದೇ ಹೆಚ್ಚೇನೂ ಮಾಡಲಾರದು, ನಿಮ್ಮ ತಪ್ಪೆಂದು ಭಾವಿಸಬೇಡಿ. ಮಗುವನ್ನು ಬಿಟ್ಟುಹೋದರೆ ರಾತ್ರಿ ಊಟಕ್ಕೆ ಹಾಕುವವರು ಯಾರು, ಯಾರ ಮಗ್ಗುಲಲ್ಲಿ ಮಲಗಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಕಾರಣಕ್ಕೆ ತಾಯಂದಿರು ಮಕ್ಕಳನ್ನು ಕರೆದೊಯ್ಯುತ್ತಾರೆ. ಬಿಸಿಯೂಟ ಮಧ್ಯಾಹ್ನದ ಹಸಿವನ್ನು ನೀಗಿಸಿದೆ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿದ ಮೇಲೆ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಬಂತು. ಹುಬ್ಬಳ್ಳಿ-ಧಾರವಾಡದ ಶಾಲೆಗಳಿಗೆ ರಾಯಾಪುರದ ಅಕ್ಷಯ ಪಾತ್ರ ಅಡುಗೆಮನೆಯಿಂದ ಊಟ ಹೋಗುತ್ತದೆ. 2013ರಿಂದ ಹಾಲು ಸೇರಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಗಳಿಗೆ ಸಾವಿರದೈನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಕೊಡಲು ಒಪ್ಪಿದ್ದರಿಂದ ಮೊಟ್ಟೆ ವಾರಕ್ಕೆ ಆರು ದಿನಕ್ಕೇರಿತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಬಂತು. ಸರ್ಕಾರದ ಶಾಲೆ ಮತ್ತು ಅಡುಗೆಯವರು ಮೊದಲೇ ಇದ್ದುದರಿಂದ ಆ ಹಣ ನೇರವಾಗಿ ಮಗುವಿನ ತಟ್ಟೆಗೆ ಬಿದ್ದಿತು. ತಾಂಡಾದಲ್ಲಿ ಉಳಿದಿರುವುದು ರಾತ್ರಿಯ ಊಟ ಮತ್ತು ರಾತ್ರಿಯ ಸೂರು.

ಅದಕ್ಕಾಗಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗುಳೆ ಹೋಗುವವರ ಮಕ್ಕಳಿಗೆಂದೇ ಋತುಮಾನದ ವಸತಿ ಕೇಂದ್ರಗಳಿಗೆ ಅವಕಾಶವಿದೆ. ಯಾವ ಮನೆಯವರು, ಯಾವ ತಿಂಗಳು, ಎಲ್ಲಿಗೆ, ಎಷ್ಟು ಮಕ್ಕಳೊಂದಿಗೆ ಹೋಗುತ್ತಾರೆ ಎಂಬ ಪಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿಟ್ಟು ಠರಾವು ಮಾಡಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬೇಡಿಕೆ ಕಳಿಸಿ. ಮಂಜೂರಾತಿ ಬರುವುದರೊಳಗೆ ಗುಳೆ ಹೊರಟುಹೋಗುವುದೇ ಇದರಲ್ಲಿನ ದೊಡ್ಡ ತೊಡಕು. ಆದ್ದರಿಂದ ಬೇಡಿಕೆ ಗಣೇಶನ ಹಬ್ಬದ ಹೊತ್ತಿಗೇ ಹೋಗಬೇಕು. ಅಜ್ಜ ಅಜ್ಜಿಯರು ಊರಲ್ಲಿಯೇ ಉಳಿಯುವ ಮನೆಗಳಿದ್ದರೆ ಅವರ ಬಳಿ ಮಕ್ಕಳು ಉಳಿಯುವುದು ವಸತಿ ಕೇಂದ್ರಕ್ಕಿಂತ ಮೇಲು. ಪಡಿತರ ಚೀಟಿ ಇರುವ ಕುಟುಂಬ ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಆಹಾರ ಭದ್ರತಾ ಕಾಯ್ದೆಯಡಿಯ ತನ್ನ ಪಾಲಿನ ಧಾನ್ಯದಲ್ಲಿ ಒಂದಿಷ್ಟನ್ನು ಗೋವಾದಲ್ಲಿ, ಉಳಿದದ್ದನ್ನು ಊರಿನಲ್ಲಿ ಎತ್ತಬಹುದು ಎಂಬುದು ತಾಂಡಾದಲ್ಲಿ ಎಲ್ಲರಿಗೂ ಗೊತ್ತಿರಲಾರದು; ನ್ಯಾಯಬೆಲೆ ಅಂಗಡಿಯವರನ್ನು ಕರೆಸಿ ಹೇಳಿಸಿ. ಬೇಳೆ, ಎಣ್ಣೆ, ತರಕಾರಿಯ ಕೊರತೆಯನ್ನು ಹತ್ತಿರದ ಸಂಘ, ಮಠ, ಹಾಲಿನ ಸೊಸೈಟಿ ತುಂಬಬಹುದು. ಸಂಜೆಯ ಓದಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಬಾಗಿಲು ತೆರೆಸಿ.

ಹೋಗಿಯೇ ತೀರುವ ಮಕ್ಕಳ ಕೈಗೆ ತರಗತಿ, ಹಾಜರಾತಿ, ಕಲಿಕೆಯ ಮಟ್ಟ ಬರೆದ ಒಂದು ಪತ್ರವನ್ನು ನಿಮ್ಮ ಸಹಿ, ಮೊಬೈಲ್ ಸಂಖ್ಯೆಯೊಂದಿಗೆ ಕೊಟ್ಟು ಕಳಿಸಿ. ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಯಾವ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ. ವಾಸ್ಕೊ ಭಾಗದಲ್ಲಿ ಕನ್ನಡ ಶಾಲೆಗಳೂ ಇವೆ. ಅಲ್ಲಿ ಸೇರಿಸಲು ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098 ಗೋವಾದಲ್ಲೂ ಕೆಲಸ ಮಾಡುತ್ತದೆ ಎಂದು ಪಾಲಕರಿಗೆ ಹೇಳಿ, ಆ ಸಂಖ್ಯೆಯನ್ನು ಪತ್ರದ ಕೆಳಗೆ ದೊಡ್ಡ ಅಂಕಿಗಳಲ್ಲಿ ಬರೆದುಕೊಡಿ.